ಜಾರಿಯಾಗದ ತೀರ್ಪು: ಏರ್ ಮಾರ್ಷಲ್ ಅಸ್ಗರ್ ಖಾನ್ ಪ್ರಕರಣ

ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾಗಿದ್ದು, ನಿವೃತ್ತಿಯ ನಂತರ ಸುಮಾರು ಮೂರು ದಶಕ ವಿರೋಧ ಪಕ್ಷದ ರಾಜಕಾರಣ ಮಾಡಿದ ಏರ್ ಮಾರ್ಷಲ್ ಮೊಹಮ್ಮದ್ ಅಸ್ಗರ್ ಖಾನ್ ಅವರು 1996ರ ಜೂನ್ 16ರಂದು ಆ ದೇಶದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸಜ್ಜಾದ್ ಅಲಿ ಷಾ ಅವರಿಗೆ ಒಂದು ಪತ್ರ ಬರೆದರು. 1990ರ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಗುಪ್ತಚರ ಸಂಸ್ಥೆಯಾದ ಐಎಸ್‌ಐ ರಾಜಕಾರಣಿಗಳಿಗೆ ಹಣ ಹಂಚಿತ್ತೆಂದು ಗೃಹ ಸಚಿವರೇ ಸಂಸತ್ತಿನಲ್ಲಿ ಹೇಳಿದ್ದಾರೆ, ನ್ಯಾಯಾಲಯ ಇದನ್ನು ವಿಚಾರಿಸಿ ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಸಾರ. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, 1996ರ ಮಾನವ ಹಕ್ಕು ಪ್ರಕರಣ ಸಂಖ್ಯೆ 19 ಎಂದು ನೋಂದಾಯಿಸಿತು. ತೀರ್ಪು ಹೊರಬಿದ್ದದ್ದು 2012ರ ಅಕ್ಟೋಬರ್ 19ರಂದು. ಅರ್ಜಿದಾರರು 2018ರ ಜನವರಿ 5ರಂದು ತೀರಿಕೊಂಡಾಗ ಆ ತೀರ್ಪಿನ ಮುಖ್ಯ ನಿರ್ದೇಶನಗಳಲ್ಲಿ ಒಂದೂ ಪೂರ್ತಿಯಾಗಿ ಜಾರಿಯಾಗಿರಲಿಲ್ಲ.

ಸೇನೆ ತೆರೆಮರೆಯಲ್ಲಿ ರಾಜಕೀಯ ನಡೆಸಿದ ಆರೋಪಗಳು ಪಾಕಿಸ್ತಾನಕ್ಕೆ ಹೊಸವಲ್ಲ. ಅವುಗಳಲ್ಲಿ ಹೆಚ್ಚಿನವು ಸಾಕ್ಷ್ಯವಿಲ್ಲದೆ ಬಿದ್ದುಹೋಗುತ್ತವೆ, ಅಥವಾ ಸಾಕ್ಷ್ಯ ಹುಡುಕುವ ಧೈರ್ಯ ಯಾರಿಗೂ ಬರುವುದಿಲ್ಲ. ಈ ಪ್ರಕರಣ ಹಾಗಲ್ಲ. ಇಲ್ಲಿ ಹಣ ಹಂಚಿದ ಸಂಸ್ಥೆಯ ಮುಖ್ಯಸ್ಥರು ತಾವು ಹಂಚಿದ್ದು ನಿಜವೆಂದು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆದುಕೊಟ್ಟರು, ಹಣ ಹೊಂದಿಸಿದ ಬ್ಯಾಂಕ್ ಅಧಿಕಾರಿ ನ್ಯಾಯಪೀಠದ ಮುಂದೆ ಬಂದು ಹೇಳಿಕೆ ಕೊಟ್ಟರು, ದೇಶದ ಅತ್ಯುನ್ನತ ನ್ಯಾಯಾಲಯ ಅದನ್ನು ನಂಬಿ ತೀರ್ಪು ನೀಡಿತು. ಇಷ್ಟಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಸತ್ಯ ರುಜುವಾತಾಗುವುದಕ್ಕೂ ಅದು ಕಾನೂನಿನ ಕ್ರಮವಾಗಿ ಪರಿಣಮಿಸುವುದಕ್ಕೂ ನಡುವೆ ಏನಿರಬೇಕು, ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಉಪಖಂಡದ ಇತ್ತೀಚಿನ ಇತಿಹಾಸದಲ್ಲಿ ಸಿಗುವುದು ಕಷ್ಟ.

ಅರ್ಜಿದಾರರ ಹಿನ್ನೆಲೆ

ಅಸ್ಗರ್ ಖಾನ್ 1921ರ ಜನವರಿ 17ರಂದು ಜಮ್ಮುವಿನಲ್ಲಿ ಹುಟ್ಟಿದರು. ಡೆಹ್ರಾಡೂನಿನಲ್ಲಿ ಸೈನಿಕ ಶಿಕ್ಷಣ ಪಡೆದು 1940ರಲ್ಲಿ ಅಧಿಕಾರಿಯಾಗಿ, ಸ್ವಲ್ಪ ಕಾಲದಲ್ಲೇ ಭೂಸೇನೆಯಿಂದ ವಾಯುಪಡೆಗೆ ಬಂದು, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ವಿಮಾನ ಹಾರಿಸಿದರು. ಅವರ ಜೀವನವನ್ನು ಹೇಳುವವರೆಲ್ಲ 1942ರ ಒಂದು ಘಟನೆಯನ್ನು ನೆನಪಿಸುತ್ತಾರೆ. ಸಿಂಧ್ ಪ್ರಾಂತ್ಯದಲ್ಲಿ ಬ್ರಿಟಿಷರ ವಿರುದ್ಧ ಹುರ್ ಜನರು ದಂಗೆಯೆದ್ದಿದ್ದ ಕಾಲವದು. ಹುರ್‌ಗಳ ಒಂದು ಗುಂಪಿನ ಮೇಲೆ ಆಕಾಶದಿಂದ ಗುಂಡು ಹಾರಿಸುವಂತೆ ಅವರಿಗೆ ಆಜ್ಞೆಯಾಗಿತ್ತು. ಕೆಳಗೆ ಇರುವವರು ನಿರಾಯುಧ ಜನ, ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ ಎಂಬುದನ್ನು ಕಂಡ ಅವರು ಗುಂಡು ಹಾರಿಸದೆ ಹಿಂದಿರುಗಿದರು. ಮೇಲಿನವರ ಆಜ್ಞೆ ಕಾನೂನುಬದ್ಧವಲ್ಲದಿದ್ದರೆ ಸೈನಿಕನು ಅದಕ್ಕೆ ಬದ್ಧನಲ್ಲ ಎಂಬ ಈ ನಿಲುವು ಮುಂದೆ ಅವರ ರಾಜಕೀಯ ಜೀವನದ ಉದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. ನಾವು ನೋಡುತ್ತಿರುವ ಪ್ರಕರಣದ ತಿರುಳೂ ಅದೇ.

1957ರ ಜುಲೈನಲ್ಲಿ, 36ನೆಯ ವಯಸ್ಸಿಗೇ, ಅವರು ಪಾಕಿಸ್ತಾನ ವಾಯುಪಡೆಯ ಮುಖ್ಯಸ್ಥರಾದರು. ಅದುವರೆಗೆ ಆ ಹುದ್ದೆಯಲ್ಲಿ ಇದ್ದವರೆಲ್ಲ ಬ್ರಿಟಿಷ್ ಅಧಿಕಾರಿಗಳು. 1965ರ ಜುಲೈವರೆಗೆ ಆ ಸ್ಥಾನದಲ್ಲಿದ್ದು, ಅನಂತರ 1968ರವರೆಗೆ ರಾಷ್ಟ್ರೀಯ ವಿಮಾನ ಸಂಸ್ಥೆ ಪಿಐಎಯನ್ನು ನಡೆಸಿದರು. 1968ರ ನವೆಂಬರ್‌ನಲ್ಲಿ ಸೇನಾ ಆಡಳಿತಗಾರ ಅಯೂಬ್ ಖಾನ್ ಅವರ ಸರ್ಕಾರ ವಿರೋಧಿ ನಾಯಕ ಜುಲ್ಫಿಕರ್ ಅಲಿ ಭುಟ್ಟೊ ಅವರನ್ನು ಬಂಧಿಸಿದ ಬೆನ್ನಿಗೇ ಅವರು ಬಹಿರಂಗವಾಗಿ ರಾಜಕೀಯಕ್ಕೆ ಇಳಿದರು. ಯಾವ ಸೇನಾಧಿಪತಿಯ ಕೈಕೆಳಗೆ ತಾವು ವಾಯುಪಡೆಯನ್ನು ಮುನ್ನಡೆಸಿದ್ದರೋ ಆತನ ವಿರುದ್ಧವೇ ಊರೂರು ತಿರುಗಿ ಸಭೆ ನಡೆಸಿದರು. 1969ರ ಮಾರ್ಚ್ 25ರಂದು ಅಯೂಬ್ ಅಧಿಕಾರ ಬಿಟ್ಟರು. 1970ರಲ್ಲಿ ಅಸ್ಗರ್ ಖಾನ್ ತೆಹ್ರೀಕ್-ಎ-ಇಸ್ತಿಕ್ಲಾಲ್ ಎಂಬ ಪಕ್ಷ ಕಟ್ಟಿದರು. ಅದೇ ವರ್ಷದ ಚುನಾವಣೆಯಲ್ಲಿ ರಾವಲ್ಪಿಂಡಿಯಲ್ಲಿ ಸೋತರು. 1971ರಲ್ಲಿ ಪಶ್ಚಿಮ ಪಾಕಿಸ್ತಾನದ ಬಹುತೇಕ ನಾಯಕರು ಬಾಯಿ ಬಿಡದೆ ಕುಳಿತಿದ್ದಾಗ, ಬಹುಮತ ಗೆದ್ದ, ಪೂರ್ವ ಪಾಕಿಸ್ತಾನದ ಪಕ್ಷವಾದ ಅವಾಮಿ ಲೀಗ್‌ಗೆ ಅಧಿಕಾರ ಹಸ್ತಾಂತರಿಸಬೇಕೆಂದೂ ಪೂರ್ವ ಬಂಗಾಳದಲ್ಲಿ ಸೇನಾ ಕಾರ್ಯಾಚರಣೆ ತಪ್ಪೆಂದೂ ಹೇಳಿದವರಲ್ಲಿ ಅವರೊಬ್ಬರು. ಆ ಮಾತಿಗೆ ಅವರು ಜನಪ್ರಿಯತೆಯ ಬೆಲೆ ತೆತ್ತರು.

ಆದರೆ ಅವರ ದಾಖಲೆಯಲ್ಲಿ ಒಂದು ಕಗ್ಗಂಟೂ ಇದೆ, ಅದನ್ನು ಬಿಟ್ಟು ಈ ಅಧ್ಯಯನ ಮುಂದುವರಿಯಬಾರದು. 1977ರ ಮಾರ್ಚ್ ಚುನಾವಣೆಯಲ್ಲಿ ಭುಟ್ಟೊ ಸರ್ಕಾರ ಅಕ್ರಮ ನಡೆಸಿತೆಂದು ಆರೋಪಿಸಿ ವಿರೋಧ ಪಕ್ಷಗಳ ಒಕ್ಕೂಟವಾದ ಪಿಎನ್ಎ ಬೀದಿಗಿಳಿದಿದ್ದಾಗ, ಅಸ್ಗರ್ ಖಾನ್ ಸೆರೆಯಲ್ಲಿದ್ದುಕೊಂಡೇ ಮೂರೂ ಪಡೆಗಳ ಮುಖ್ಯಸ್ಥರಿಗೂ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ ಬರೆದರು. ಕಾನೂನುಬದ್ಧ ಆಜ್ಞೆಗೂ ಕಾನೂನುಬಾಹಿರ ಆಜ್ಞೆಗೂ ಇರುವ ವ್ಯತ್ಯಾಸವನ್ನು ಪ್ರತಿಯೊಬ್ಬ ಅಧಿಕಾರಿಯೂ ತಾನೇ ಗುರುತಿಸಬೇಕು, ಅಕ್ರಮ ಸರ್ಕಾರಕ್ಕಾಗಿ ಸ್ವಂತ ಜನರ ಮೇಲೆ ಗುಂಡು ಹಾರಿಸುವುದು ಅವರ ಕರ್ತವ್ಯವಲ್ಲ ಎಂಬುದು ಅದರ ಒಕ್ಕಣೆ. ಅದೇ ವರ್ಷದ ಜುಲೈ 5ರಂದು ಜನರಲ್ ಜಿಯಾ ಉಲ್ ಹಕ್ ಅಧಿಕಾರ ಕಸಿದುಕೊಂಡರು. ಈ ಪತ್ರವೇ ಸೇನೆಗೆ ಆಹ್ವಾನವಾಯಿತೆಂಬ ಆಕ್ಷೇಪ ಇಂದಿಗೂ ಇದೆ. ಅಸ್ಗರ್ ಖಾನ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಪತ್ರದ ಮಾತುಗಳನ್ನಷ್ಟೇ ಓದಿದರೆ ಅದು ಅಧಿಕಾರ ಹಿಡಿಯಲು ಕರೆ ಅಲ್ಲ, ಗುಂಡು ಹಾರಿಸದಿರಲು ಕರೆ. ಆದರೂ ರಾಜಕೀಯ ಪಕ್ಷದ ನಾಯಕನೊಬ್ಬ ಬ್ಯಾರಕ್ಕುಗಳತ್ತ ಮುಖ ಮಾಡಿ ಮಾತನಾಡಿದಾಗ, ಕೇಳಿಸಿಕೊಂಡವರು ತಮಗೆ ಬೇಕಾದುದನ್ನು ಮಾತ್ರ ಕೇಳಿಸಿಕೊಳ್ಳುವ ಅಪಾಯವಿತ್ತು, ಅದು ಹಾಗೆಯೇ ಆಯಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಜಿಯಾ ಆಡಳಿತದ ಏಟು ಮೊದಲು ತಗುಲಿದವರಲ್ಲಿ ಅವರೂ ಒಬ್ಬರು: 1979ರಿಂದ 1984ರವರೆಗೆ, ಸುಮಾರು ಐದು ವರ್ಷ, ಅಬೋಟಾಬಾದಿನ ತಮ್ಮ ಮನೆಯಲ್ಲೇ ಗೃಹಬಂಧನದಲ್ಲಿದ್ದರು.

1990ರ ಚುನಾವಣೆ ಮತ್ತು 14 ಕೋಟಿ ರೂಪಾಯಿ

1990ರ ಆಗಸ್ಟ್ 6ರಂದು ಅಧ್ಯಕ್ಷ ಗುಲಾಂ ಇಶಾಕ್ ಖಾನ್ ಅವರು ಸಂವಿಧಾನದ 58(2)(ಬಿ) ವಿಧಿಯನ್ನು ಬಳಸಿ ಬೆನಜೀರ್ ಭುಟ್ಟೊ ಸರ್ಕಾರವನ್ನು ವಜಾ ಮಾಡಿದರು. ಅಕ್ಟೋಬರ್ 24ಕ್ಕೆ ಚುನಾವಣೆ ನಿಗದಿಯಾಯಿತು. ಒಂದು ಕಡೆ ನವಾಜ್ ಷರೀಫ್ ಮುಂಚೂಣಿಯಲ್ಲಿದ್ದ ಇಸ್ಲಾಮಿ ಜಮ್ಹೂರಿ ಇತ್ತೆಹಾದ್, ಅಂದರೆ ಐಜೆಐ. ಇನ್ನೊಂದು ಕಡೆ ಪೀಪಲ್ಸ್ ಪಾರ್ಟಿ ಮತ್ತು ಮಿತ್ರಪಕ್ಷಗಳ ಪಿಡಿಎ ಕೂಟ. ಅಸ್ಗರ್ ಖಾನ್ ಅವರ ಪಕ್ಷ ಈ ಎರಡನೆಯ ಕೂಟದಲ್ಲಿತ್ತು, ಅವರೇ ಲಾಹೋರಿನಲ್ಲಿ ನವಾಜ್ ಷರೀಫರ ಎದುರು ನಿಂತು ಸೋತರು. ಹೀಗಾಗಿ ಅವರು ಈ ಪ್ರಕರಣದಲ್ಲಿ ನಿರ್ಲಿಪ್ತ ಮೂರನೆಯ ವ್ಯಕ್ತಿಯಾಗಿರಲಿಲ್ಲ, ನಷ್ಟಕ್ಕೊಳಗಾದ ಅಭ್ಯರ್ಥಿಯೂ ಆಗಿದ್ದರು. ದೇಶದಾದ್ಯಂತ ಎರಡು ಕೂಟಗಳು ಪಡೆದ ಮತಗಳ ಪ್ರಮಾಣದಲ್ಲಿ ಶೇಕಡಾ ಒಂದರಷ್ಟೂ ಅಂತರವಿರಲಿಲ್ಲ. ಆದರೆ ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಐಜೆಐ ನೂರಕ್ಕೂ ಹೆಚ್ಚು ಸ್ಥಾನ ಗೆದ್ದರೆ ಪಿಡಿಎ ಐವತ್ತನ್ನೂ ಮುಟ್ಟಲಿಲ್ಲ. ಇಷ್ಟು ಬಿಗಿಯಾದ ಪೈಪೋಟಿಯಲ್ಲಿ ಆಯ್ದ ಕ್ಷೇತ್ರಗಳಿಗೆ ಆಯ್ದ ವ್ಯಕ್ತಿಗಳ ಮೂಲಕ ಹರಿದ ಹಣ ಏನು ಮಾಡಬಲ್ಲದೆಂದು ಊಹಿಸುವುದು ಕಷ್ಟವಲ್ಲ.

ಹಣದ ವಿಚಾರ ಹೊರಬಂದದ್ದು ಒಂದು ಬ್ಯಾಂಕ್ ಹಗರಣದಿಂದ. 1990ರಲ್ಲಿ ಹಬೀಬ್ ಬ್ಯಾಂಕಿನ ಹಿರಿಯ ಅಧಿಕಾರಿಯಾಗಿ ಕರಾಚಿಯಲ್ಲಿದ್ದ ಯೂನಸ್ ಹಬೀಬ್ ಆಮೇಲೆ ಮೆಹ್ರಾನ್ ಬ್ಯಾಂಕ್ ಸ್ಥಾಪಿಸಿದ್ದರು. 1994ರಲ್ಲಿ ಆ ಬ್ಯಾಂಕ್ ಮುಳುಗಿ ಅವರ ಬಂಧನವಾದಾಗ, ಹಳೆಯ ಖಾತೆಗಳ ಬೆನ್ನು ಹತ್ತಿದ ತನಿಖೆ 1990ರ ಚುನಾವಣೆಯವರೆಗೆ ಹೋಗಿ ಮುಟ್ಟಿತು. ಆಗಿನ ಗೃಹ ಸಚಿವ, ತಾವೂ ನಿವೃತ್ತ ಮೇಜರ್ ಜನರಲ್ ಆಗಿದ್ದ ನಸೀರುಲ್ಲಾ ಬಾಬರ್, ಈ ವಿಷಯವನ್ನು ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಎತ್ತಿದರು. 1996ರ ಜೂನ್‌ನಲ್ಲಿ ಅವರು ನೀಡಿದ ವಿವರವೇ ಅಸ್ಗರ್ ಖಾನರ ಪತ್ರಕ್ಕೆ ಕಾರಣವಾಯಿತು.

ಸಾಕ್ಷ್ಯದ ನಡುಗಂಬವೆಂದರೆ ನಿವೃತ್ತ ಲೆಫ್ಟಿನೆಂಟ್ ಜನರಲ್ ಅಸದ್ ದುರ್ರಾನಿ ಅವರ ಪ್ರಮಾಣಪತ್ರ. 1990ರಲ್ಲಿ ಐಎಸ್‌ಐ ಮುಖ್ಯಸ್ಥರಾಗಿದ್ದ ಅವರು 1994ರಲ್ಲಿ ಇದನ್ನು ಬರೆದುಕೊಟ್ಟಾಗ ಜರ್ಮನಿಯಲ್ಲಿ ರಾಯಭಾರಿಯಾಗಿದ್ದರು. ಆ ಪ್ರಮಾಣಪತ್ರವನ್ನು ಹತ್ತಿರದಿಂದ ಓದಿದರೆ ಮೂರು ಸಂಗತಿಗಳು ಕಾಣುತ್ತವೆ. ಒಂದು, ಆಗಿನ ಸೇನಾ ಮುಖ್ಯಸ್ಥ ಜನರಲ್ ಮಿರ್ಜಾ ಅಸ್ಲಂ ಬೇಗ್ ಅವರ ಸೂಚನೆಯ ಮೇಲೆಯೇ ತಾವು ಈ ಕೆಲಸ ಮಾಡಿದ್ದಾಗಿ ದುರ್ರಾನಿ ಹೇಳುತ್ತಾರೆ. ಕರಾಚಿಯ ಉದ್ಯಮಿಗಳು ಐಜೆಐಗೆ ಕೊಡುವ ದೇಣಿಗೆಯನ್ನು ತಲುಪಿಸುವ ವ್ಯವಸ್ಥೆಯಷ್ಟೇ ತಮ್ಮದೆಂದೂ, ಇದಕ್ಕೆ ಸರ್ಕಾರದ ಆಶೀರ್ವಾದವಿದೆಯೆಂದು ತಮಗೆ ತಿಳಿಸಲಾಗಿತ್ತೆಂದೂ ವಿವರಿಸುತ್ತಾರೆ. ಎರಡು, ಕರಾಚಿ, ಕ್ವೆಟ್ಟಾ, ರಾವಲ್ಪಿಂಡಿಗಳಲ್ಲಿ ಮರೆಮಾಚಿದ ಹೆಸರಿನ ಖಾತೆಗಳನ್ನು ತೆರೆಯಲಾಯಿತು, ಯೂನಸ್ ಹಬೀಬ್ 14 ಕೋಟಿ ರೂಪಾಯಿ ತುಂಬಿದರು, ಅಲ್ಲಿಂದ ಅಗತ್ಯ ಬಿದ್ದಂತೆ ಬೇರೆ ಖಾತೆಗಳಿಗೆ ವರ್ಗಾವಣೆಯಾಯಿತು. ಮೂರನೆಯದು ಎಲ್ಲಕ್ಕಿಂತ ಗಮನಾರ್ಹ: ಈ 14 ಕೋಟಿಯಲ್ಲಿ ರಾಜಕಾರಣಿಗಳಿಗೆ ಹಂಚಿದ್ದು ಸುಮಾರು 6 ಕೋಟಿ, ಉಳಿದ 8 ಕೋಟಿ ಐಎಸ್‌ಐನ ವಿಶೇಷ ನಿಧಿಗೆ ಹೋಯಿತು. ಉದ್ಯಮಿಗಳ ದೇಣಿಗೆ, ಚುನಾವಣಾ ಸಹಾಯ ಎಂಬ ಸಮರ್ಥನೆಯನ್ನು ಒಂದು ಕ್ಷಣ ಒಪ್ಪಿಕೊಂಡರೂ, ಅರ್ಧಕ್ಕಿಂತ ಹೆಚ್ಚು ಹಣ ಚುನಾವಣೆಗೇ ಹೋಗದೆ ಲೆಕ್ಕಪರಿಶೋಧನೆಯ ಕಣ್ಣು ತಲುಪದ ಜಾಗಕ್ಕೆ ಸೇರಿತೆಂಬುದು ಸ್ವತಃ ಹಂಚಿದವರ ಮಾತಿನಿಂದಲೇ ಸಿದ್ಧವಾಗುತ್ತದೆ. ಪ್ರಕರಣದ ಬಗ್ಗೆ ನಡೆದ ಸಾರ್ವಜನಿಕ ಚರ್ಚೆ ಬಹುಪಾಲು ಯಾವ ರಾಜಕಾರಣಿ ಎಷ್ಟು ಪಡೆದರು ಎಂಬ ಪಟ್ಟಿಯ ಸುತ್ತಲೇ ಸುತ್ತಿತು. ಈ 8 ಕೋಟಿಯ ಬಗ್ಗೆ ಕೇಳಬೇಕಾದಷ್ಟು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪಟ್ಟಿಯಲ್ಲಿ ಹೆಸರಿದ್ದವರು ತಾವು ಹಣ ಪಡೆದಿಲ್ಲವೆಂದರು. ಜನರಲ್ ಬೇಗ್ ತಮ್ಮ ಮೇಲಿನ ಆರೋಪವನ್ನು ನಿರಾಕರಿಸಿ, ಹೊಣೆಯನ್ನು ಅಧ್ಯಕ್ಷರ ಕಚೇರಿಯ ಕಡೆಗೆ ತಿರುಗಿಸಿದರು.

ಹದಿನಾರು ವರ್ಷದ ವಿಳಂಬ

ಪತ್ರ ಬರೆದಾಗ ಅಧಿಕಾರದಲ್ಲಿದ್ದದ್ದು ಬೆನಜೀರ್ ಸರ್ಕಾರ. ಅದೇ ವರ್ಷದ ನವೆಂಬರ್‌ನಲ್ಲಿ ಅದು ವಜಾ ಆಯಿತು. 1997ರ ಫೆಬ್ರವರಿಯಲ್ಲಿ ನವಾಜ್ ಷರೀಫ್ ಭಾರಿ ಬಹುಮತದೊಂದಿಗೆ ಬಂದರು. ಆ ವರ್ಷ ವಿಚಾರಣೆ ಸ್ವಲ್ಪ ಮುಂದೆ ಸಾಗಿತು, ಅದರಲ್ಲಿ ಕೆಲವು ಭಾಗ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಆದರೆ ಮುಖ್ಯ ನ್ಯಾಯಮೂರ್ತಿಗೂ ಪ್ರಧಾನಿಗೂ ಜಗಳ ಬಲಿತು, ನವೆಂಬರ್ 28ರಂದು ಆಡಳಿತ ಪಕ್ಷದ ಬೆಂಬಲಿಗರು ಸುಪ್ರೀಂ ಕೋರ್ಟಿಗೇ ನುಗ್ಗಿದರು, ಡಿಸೆಂಬರ್ ಹೊತ್ತಿಗೆ ಸಜ್ಜಾದ್ ಅಲಿ ಷಾ ಹುದ್ದೆ ಕಳೆದುಕೊಂಡರು. 1999ರ ಅಕ್ಟೋಬರ್ 12ರಂದು ಜನರಲ್ ಮುಷರಫ್ ಅಧಿಕಾರ ಹಿಡಿದ ಮೇಲೆ ಸೇನೆಯ ರಾಜಕೀಯ ಹಸ್ತಕ್ಷೇಪದ ಕಡತವನ್ನು ಬಿಚ್ಚುವ ಪ್ರಶ್ನೆಯೇ ಉಳಿಯಲಿಲ್ಲ. ಪತ್ರ ಬರೆದಾಗ 75ರ ವಯಸ್ಸಿನಲ್ಲಿದ್ದ ಅರ್ಜಿದಾರರು ಬೇಗ ವಿಚಾರಣೆ ಮಾಡಿ ಎಂದು ಮತ್ತೆ ಮತ್ತೆ ಕೇಳುತ್ತಲೇ ಇದ್ದರು.

2012ರ ಆರಂಭದಲ್ಲಿ ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಮೊಹಮ್ಮದ್ ಚೌಧರಿ ಅವರ ಪೀಠದ ಮುಂದೆ ಕಡತ ಮತ್ತೆ ತೆರೆಯಿತು. ಅರ್ಜಿದಾರರ ಪರವಾಗಿ ಸಲ್ಮಾನ್ ಅಕ್ರಂ ರಾಜಾ ವಾದಿಸಿದರು. ಮುದಿಯಾಗಿ, ಗಾಲಿಕುರ್ಚಿಯಲ್ಲಿ ಕೋರ್ಟಿಗೆ ಬಂದ ಯೂನಸ್ ಹಬೀಬ್, ಹಣ ಹೊಂದಿಸುವಂತೆ ತಮ್ಮ ಮೇಲೆ ಅಧ್ಯಕ್ಷ ಇಶಾಕ್ ಖಾನ್ ಮತ್ತು ಜನರಲ್ ಬೇಗ್ ಒತ್ತಡ ಹೇರಿದರೆಂದು ಹೇಳಿದರು. ಇಶಾಕ್ ಖಾನ್ 2006ರಲ್ಲೇ ತೀರಿಕೊಂಡಿದ್ದರು, ಉತ್ತರ ಕೊಡಲು ಅವರಿರಲಿಲ್ಲ. ವಿಳಂಬ ಅಂದರೆ ಕೇವಲ ವರ್ಷಗಳ ಲೆಕ್ಕವಲ್ಲ; ಸಾಕ್ಷಿಗಳು, ಆರೋಪಿಗಳು, ಬ್ಯಾಂಕಿನ ದಾಖಲೆಗಳು ಒಂದೊಂದಾಗಿ ಕಳಚಿಕೊಳ್ಳುತ್ತ ಹೋಗುತ್ತವೆ.

ತೀರ್ಪು ಹೇಳಿದ್ದೇನು

ಪೀಠದ ಮುಂದಿದ್ದ ಮೊದಲ ತೊಡಕು ಕಾನೂನಿನದು. ಸಂವಿಧಾನದ 184(3)ನೆಯ ವಿಧಿಯಡಿ ಕೋರ್ಟು ನೇರವಾಗಿ ಕೈಹಾಕಬೇಕಾದರೆ ವಿಷಯ ಸಾರ್ವಜನಿಕ ಮಹತ್ವದ್ದಾಗಿರಬೇಕು ಮತ್ತು ಮೂಲಭೂತ ಹಕ್ಕಿಗೆ ಸಂಬಂಧಿಸಿರಬೇಕು. ಪಕ್ಷ ಕಟ್ಟುವ ಹಕ್ಕನ್ನು ಕೊಡುವ 17ನೆಯ ವಿಧಿಯಲ್ಲಿ ತಮ್ಮ ಪ್ರತಿನಿಧಿಯನ್ನು ಮುಕ್ತವಾಗಿ ಆರಿಸಿಕೊಳ್ಳುವ ಜನರ ಹಕ್ಕೂ ಅಡಕವಾಗಿದೆ ಎಂಬ ನೆಲೆಯಲ್ಲಿ ಈ ತೊಡಕು ಬಗೆಹರಿಯಿತು. ಎರಡನೆಯ ಆಧಾರ ಸೇನೆಯ ಪ್ರಮಾಣವಚನ. 244ನೆಯ ವಿಧಿ ಮತ್ತು ಮೂರನೆಯ ಅನುಸೂಚಿಯಂತೆ ಪಾಕಿಸ್ತಾನದ ಪ್ರತಿ ಸೈನಿಕನೂ ಯಾವುದೇ ರಾಜಕೀಯ ಚಟುವಟಿಕೆಯಲ್ಲಿ ತೊಡಗುವುದಿಲ್ಲವೆಂದು ಪ್ರಮಾಣ ಮಾಡುತ್ತಾನೆ.

1990ರ ಚುನಾವಣೆ ಭ್ರಷ್ಟಾಚಾರದಿಂದ ಕಲುಷಿತವಾಗಿತ್ತು, ಅಧ್ಯಕ್ಷರ ಭವನದಲ್ಲಿ ಚುನಾವಣಾ ಘಟಕವೊಂದು ಕೆಲಸ ಮಾಡುತ್ತಿತ್ತು, ಬೇಗ್ ಮತ್ತು ದುರ್ರಾನಿ ಅದಕ್ಕೆ ಕೈಜೋಡಿಸಿದ್ದರು ಎಂದು ಕೋರ್ಟು ಹೇಳಿತು. ಈ ಇಬ್ಬರು ಜನರಲ್‌ಗಳ ಮೇಲೆ ಸರ್ಕಾರ ಕಾನೂನು ಕ್ರಮ ಕೈಗೊಳ್ಳಬೇಕು, ಹಣ ಪಡೆದ ರಾಜಕಾರಣಿಗಳ ಬಗ್ಗೆ ಕೇಂದ್ರ ತನಿಖಾ ಸಂಸ್ಥೆ ಎಫ್‌ಐಎ ತನಿಖೆ ನಡೆಸಬೇಕು, ಹಣವನ್ನು ಬಡ್ಡಿ ಸಮೇತ ವಸೂಲು ಮಾಡಬೇಕು, ಅಧ್ಯಕ್ಷರ ಕಚೇರಿಯಲ್ಲಾಗಲಿ ಗುಪ್ತಚರ ಸಂಸ್ಥೆಗಳಲ್ಲಾಗಲಿ ರಾಜಕೀಯ ಘಟಕವಿದ್ದರೆ ಅದನ್ನು ತಕ್ಷಣ ರದ್ದು ಮಾಡಬೇಕು ಎಂದು ನಿರ್ದೇಶಿಸಿತು. ಮೇಲಿನವರು ಹೇಳಿದ್ದನ್ನು ಮಾಡಿದೆ ಎಂಬ ದುರ್ರಾನಿಯವರ ವಿವರಣೆ ಅವರನ್ನು ಕ್ರಮದಿಂದ ಪಾರುಮಾಡಲಿಲ್ಲ. ಇಲ್ಲಿಗೆ ಅಸ್ಗರ್ ಖಾನರ ಹಳೆಯ ನಿಲುವಿಗೆ ಅವರ ದೇಶದ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಂತಾಯಿತು: ಕಾನೂನುಬಾಹಿರ ಆಜ್ಞೆ ಪಾಲಿಸಿದವನು ಆಜ್ಞೆಯ ಮರೆಯಲ್ಲಿ ನಿಲ್ಲಲಾಗದು.

ಆದರೆ ಇದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಈ ಕೃತ್ಯಗಳು ಆಯಾ ವ್ಯಕ್ತಿಗಳು ತಮ್ಮ ನೆಲೆಯಲ್ಲಿ ಮಾಡಿದವು, ಅವುಗಳನ್ನು ಸಂಸ್ಥೆಗಳ ಮೇಲೆ ಹೊರಿಸುವಂತಿಲ್ಲ ಎಂದು ಕೋರ್ಟು ಸ್ಪಷ್ಟಪಡಿಸಿತು. ಆ ವಾಕ್ಯವಿಲ್ಲದಿದ್ದರೆ ಇಂಥ ತೀರ್ಪು ಬರುವುದೇ ಕಷ್ಟವಿತ್ತೇನೋ. ಸೇನೆಯೊಂದಿಗೆ ನೇರ ಮುಖಾಮುಖಿ ತಪ್ಪಿಸಿ, ನಿವೃತ್ತರಾದ ಇಬ್ಬರ ಹೊಣೆಗಾರಿಕೆಯನ್ನು ಮಾತ್ರ ಗೊತ್ತುಮಾಡುವ ದಾರಿ ಅದು. ಆದರೆ ಸೇನಾ ಮುಖ್ಯಸ್ಥರು ಆಜ್ಞೆ ಮಾಡಿ, ಐಎಸ್‌ಐ ಮುಖ್ಯಸ್ಥರು ಪಾಲಿಸಿ, ಸಂಸ್ಥೆಯ ಅಧಿಕಾರಿಗಳು ಖಾತೆ ತೆರೆದು, ಉಳಿದ ಹಣ ಸಂಸ್ಥೆಯ ನಿಧಿಗೇ ಸೇರಿರುವಾಗ, ಇದರಲ್ಲಿ ಸಂಸ್ಥೆಗೆ ಪಾತ್ರವಿಲ್ಲ ಎಂಬ ಮಾತನ್ನು ದಾಖಲೆಗಳೇ ಎತ್ತಿ ಹಿಡಿಯುವುದಿಲ್ಲ. ತೀರ್ಪಿಗೆ ದಾರಿ ಮಾಡಿಕೊಟ್ಟ ಈ ವಿಭಜನೆಯೇ ಆಮೇಲೆ ಅದರ ಜಾರಿಗೆ ತೊಡಕಾಯಿತು, ಏಕೆಂದರೆ ವ್ಯಕ್ತಿಗಳ ಮೇಲೆ ಕ್ರಮ ಕೈಗೊಳ್ಳಲು ಬೇಕಾದ ಕಾಗದಪತ್ರಗಳೂ ಸಾಕ್ಷಿಗಳೂ ಇದ್ದದ್ದು ಹೊಣೆಯಿಂದ ಹೊರಗುಳಿದ ಆ ಸಂಸ್ಥೆಯ ಒಳಗೆ.

ಮೂರು ಸರ್ಕಾರಗಳ ಕೈಯಲ್ಲಿ

ತೀರ್ಪು ಬಂದಾಗ ಅಧಿಕಾರದಲ್ಲಿದ್ದದ್ದು ಪೀಪಲ್ಸ್ ಪಾರ್ಟಿ, ಅಂದರೆ 1990ರಲ್ಲಿ ಹಣದ ಹೊಡೆತ ತಿಂದ ಪಕ್ಷವೇ. ಅದು ನಾಯಕರ ಭಾಷಣಗಳಲ್ಲಿ ತೀರ್ಪನ್ನು ಸ್ವಾಗತಿಸಿತು. ಅವಧಿ ಮುಗಿಯುವವರೆಗೂ ಮೊಕದ್ದಮೆ ಹೂಡಲಿಲ್ಲ. 2013ರಲ್ಲಿ ನವಾಜ್ ಷರೀಫರ ಪಕ್ಷ ಬಂತು. ಹಣ ಪಡೆದವರೆನ್ನಲಾದವರ ಪಟ್ಟಿಯಲ್ಲಿ ಪ್ರಧಾನಿಯ ಹೆಸರೇ ಇತ್ತು, ಎಫ್‌ಐಎ ಅದೇ ಸರ್ಕಾರದ ಅಧೀನದಲ್ಲಿತ್ತು. ತನಿಖಾ ತಂಡ ರಚನೆಯಾಯಿತು, ಷರೀಫ್ ಸೇರಿದಂತೆ ಕೆಲವರ ಹೇಳಿಕೆಗಳು ದಾಖಲಾದವು, ಎಲ್ಲರೂ ನಿರಾಕರಿಸಿದರು. 2018ರಲ್ಲಿ ಇಮ್ರಾನ್ ಖಾನರ ತೆಹ್ರೀಕ್-ಎ-ಇನ್ಸಾಫ್ ಅಧಿಕಾರಕ್ಕೆ ಬಂತು. ಅಸ್ಗರ್ ಖಾನ್ 2012ರಲ್ಲಿ ತಮ್ಮ ಪಕ್ಷವನ್ನು ವಿಲೀನಗೊಳಿಸಿದ್ದು ಇದೇ ಪಕ್ಷದಲ್ಲಿ. ಅನ್ಯಾಯಕ್ಕೊಳಗಾದವರು, ಲಾಭ ಪಡೆದರೆಂಬ ಆರೋಪ ಹೊತ್ತವರು, ಅರ್ಜಿದಾರರ ಸ್ವಂತ ಬಳಗದವರು ಹೀಗೆ ಮೂವರ ಕೈಗೂ ತೀರ್ಪು ಬಂದುಹೋಯಿತು, ಮೂವರೂ ಅದನ್ನು ಜಾರಿಗೊಳಿಸಲಿಲ್ಲ. ಆದ್ದರಿಂದ ಈ ವೈಫಲ್ಯಕ್ಕೆ ಯಾವುದೇ ಒಂದು ಪಕ್ಷದ ದ್ವೇಷವನ್ನಾಗಲಿ ಸ್ವಾರ್ಥವನ್ನಾಗಲಿ ಕಾರಣವೆಂದು ಹೇಳಿದರೆ ಸಾಲದು. ಚುನಾಯಿತ ಸರ್ಕಾರ ಯಾವುದೇ ಇರಲಿ, ತನ್ನ ಉಳಿವು ಸೇನೆಯ ಮರ್ಜಿಯಲ್ಲಿದೆ ಎಂದು ಅದು ಭಾವಿಸಿರುವವರೆಗೆ ಮಾಜಿ ಸೇನಾ ಮುಖ್ಯಸ್ಥನ ಮೇಲೆ ಆರೋಪಪಟ್ಟಿ ಸಲ್ಲಿಸಲು ಮುಂದಾಗುವುದಿಲ್ಲ.

ಬೇಗ್ ಮತ್ತು ದುರ್ರಾನಿ ಸಲ್ಲಿಸಿದ್ದ ಮರುಪರಿಶೀಲನಾ ಅರ್ಜಿಗಳನ್ನು ಸುಪ್ರೀಂ ಕೋರ್ಟು 2018ರ ಮೇ ತಿಂಗಳಲ್ಲಿ ತಿರಸ್ಕರಿಸಿ, ತೀರ್ಪನ್ನು ಜಾರಿಗೊಳಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಆ ಹೊತ್ತಿಗೆ ಅಸ್ಗರ್ ಖಾನ್ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಸರ್ಕಾರಿ ಗೌರವದೊಂದಿಗೆ ಅವರ ಅಂತ್ಯಸಂಸ್ಕಾರ ನಡೆದಿತ್ತು. ವರ್ಷದ ಕೊನೆಯಲ್ಲಿ ಎಫ್‌ಐಎ, ಬ್ಯಾಂಕಿನ ಹಳೆಯ ದಾಖಲೆಗಳು ಪೂರ್ತಿಯಾಗಿ ಸಿಗುತ್ತಿಲ್ಲ, ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಕಾರಣ ಕೊಟ್ಟು ಪ್ರಕರಣ ಮುಚ್ಚಲು ಕೋರ್ಟಿನ ಅನುಮತಿ ಕೇಳಿತು. ಅಸ್ಗರ್ ಖಾನರ ಕುಟುಂಬ ಇದನ್ನು ವಿರೋಧಿಸಿತು. ಹಂಚಿದವರು ಪ್ರಮಾಣ ಮಾಡಿ ಒಪ್ಪಿಕೊಂಡಿದ್ದಾರೆ, ಸುಪ್ರೀಂ ಕೋರ್ಟು ಅದನ್ನು ಅಂಗೀಕರಿಸಿದೆ, ಹಾಗಿರುವಾಗ ಸಾಕ್ಷ್ಯವಿಲ್ಲವೆಂದು ಕೆಳಗಿನ ತನಿಖಾ ಸಂಸ್ಥೆ ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಎಫ್‌ಐಎ ಬಳಿ ಸಮಾಧಾನಕರ ಉತ್ತರವಿರಲಿಲ್ಲ. 2019ರ ಜನವರಿಯಲ್ಲಿ ಕೋರ್ಟು ಪ್ರಕರಣ ಮುಚ್ಚಲು ಒಪ್ಪದೆ, ನಾಗರಿಕರ ತನಿಖೆಯ ಬಗ್ಗೆ ಎಫ್‌ಐಎಯಿಂದಲೂ ನಿವೃತ್ತ ಅಧಿಕಾರಿಗಳ ಮೇಲಿನ ಕ್ರಮದ ಬಗ್ಗೆ ರಕ್ಷಣಾ ಸಚಿವಾಲಯದಿಂದಲೂ ವಿವರ ಕೇಳಿತು. ಹೀಗೆ ಒಂದೇ ಕೃತ್ಯದ ವಿಚಾರಣೆ ಎರಡು ದಾರಿಗಳಲ್ಲಿ ಕವಲೊಡೆಯಿತು: ಹಣ ಪಡೆದವರದು ಪೊಲೀಸ್ ತನಿಖೆಗೆ, ಹಣ ಕೊಟ್ಟವರದು ಸೈನ್ಯದ ಆಂತರಿಕ ವಿಚಾರಣೆಗೆ. ಪಡೆದವರ ವಿರುದ್ಧದ ಮುಖ್ಯ ಸಾಕ್ಷಿ ಕೊಟ್ಟವರೇ ಆಗಿರುವುದರಿಂದ, ಎರಡನ್ನೂ ಒಂದೇ ನ್ಯಾಯಾಲಯದ ಮುಂದೆ ಒಟ್ಟಿಗೆ ತರದೆ ಯಾವುದೂ ಮುಂದೆ ಹೋಗಲಾರದು ಎಂಬುದು ಅಂದು ಕೋರ್ಟಿನಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಚಾರ.